ಇಂಗ್ಲಿಷಿನ 'ಇಂಗ್' ಪದಗಳ ಜೊತೆ ಒಂದು ಭಾನುವಾರ

2025 ನವೆಂಬರ್ 9, ಭಾನುವಾರ

ಇವತ್ತಿನ ಮಧ್ಯಾಹ್ನವೆಲ್ಲ ಇಂಗ್ಲಿಷಿನ 'ಇಂಗ್' ಪದಗಳಲ್ಲೇ ಕಳೆಯಿತು. ಅಕ್ಕನ ಮಗಳು ಬಿಎಸ್ಸಿ ನರ್ಸಿಂಗ್ ಓದುತ್ತಿದ್ದಾಳೆ. ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಹಾಸ್ಟೆಲಿನಿಂದ ಬಂದವಳು ಮಿಡ್‌ವೈಫರಿ ನೋಟ್ಸ್ ಹಿಡಿದು ಪಕ್ಕದಲ್ಲಿ ಕೂತಳು. "ಚಿಕ್ಕಮ್ಮಾ, ಡಿಕ್ಷನರಿಯಲ್ಲಿ ಒಂದು ಅರ್ಥ ಇದೆ, ಇಲ್ಲಿ ನೋಡಿದ್ರೆ ಅದು ಕೂರೋದೇ ಇಲ್ಲ" ಅಂದಳು.

ನೋಟ್ಸಿನ ಅಂಚಿನಲ್ಲಿ ಪೆನ್ಸಿಲಿನಿಂದ ಅರ್ಥ ಬರೆದುಕೊಂಡಿದ್ದಳು. 'ಕ್ವಿಕನಿಂಗ್' ಪಕ್ಕ 'ಬೇಗ ಆಗುವುದು'. 'ಕ್ರೌನಿಂಗ್' ಪಕ್ಕ 'ಕಿರೀಟ ಇಡುವುದು'. 'ಸ್ಪಾಟಿಂಗ್' ಪಕ್ಕ 'ಗುರುತಿಸುವುದು'. ಡಿಕ್ಷನರಿ ಪ್ರಕಾರ ಮೂರೂ ಸರಿ. ಹೆರಿಗೆ ವಾರ್ಡಿನಲ್ಲಿ ಮೂರೂ ಕೆಲಸಕ್ಕೆ ಬರುವುದಿಲ್ಲ.

'ಕ್ವಿಕ್' ಅಂದರೆ ಮೊದಲು ವೇಗ ಅಂತ ಇರಲಿಲ್ಲ, ಜೀವ ಇರುವುದು ಅಂತ ಇತ್ತು. ಪಾದರಸಕ್ಕೆ ಕ್ವಿಕ್‌ಸಿಲ್ವರ್ ಅನ್ನುವುದು ಅದಕ್ಕೇ, ಜೀವ ಇದ್ದ ಹಾಗೆ ಓಡಾಡುವ ಬೆಳ್ಳಿ. ಬಸುರಿಗೆ ಹೊಟ್ಟೆಯೊಳಗೆ ಮಗು ಮಿಸುಕಾಡಿದ್ದು ಮೊದಲ ಸಲ ಗೊತ್ತಾಗುತ್ತದಲ್ಲ, ಅದು ಕ್ವಿಕನಿಂಗ್. ಸಾಮಾನ್ಯವಾಗಿ 16ರಿಂದ 20 ವಾರಗಳ ನಡುವೆ. ಚೊಚ್ಚಲ ಆದರೆ ಸ್ವಲ್ಪ ತಡವಾಗಿ ಗೊತ್ತಾಗುತ್ತದೆ. ನಾನು ಹೇಳಿ ಮುಗಿಸುವ ಮೊದಲೇ ಹುಡುಗಿ ರಬ್ಬರಿನಿಂದ ಹಳೆಯದನ್ನು ಅಳಿಸಿ 'ಮಿಸುಕಾಟ' ಅಂತ ಬರೆದಳು. ಅದನ್ನು ಅವಳು ಅಜ್ಜಿಯ ಬಾಯಲ್ಲಿ ಕೇಳಿದ್ದಳಂತೆ. ನನಗೆ ತುಂಬಾ ಖುಷಿಯಾಯಿತು.

'ಕ್ರೌನ್' ಅಂದರೆ ಕಿರೀಟವೂ ಹೌದು, ನೆತ್ತಿಯೂ ಹೌದು. ಹೆರಿಗೆಯಲ್ಲಿ ಮಗುವಿನ ತಲೆ ಕಾಣಿಸಿಕೊಂಡು, ಒಂದು ನೋವಿಗೂ ಇನ್ನೊಂದು ನೋವಿಗೂ ನಡುವಿನ ಬಿಡುವಿನಲ್ಲೂ ಒಳಗೆ ಸರಿಯದೆ ನಿಂತರೆ ಕ್ರೌನಿಂಗ್. ಸ್ಪಾಟಿಂಗ್ ಅಂದರೆ ಬಟ್ಟೆಗೆ ಅಲ್ಲೊಂದು ಇಲ್ಲೊಂದು ರಕ್ತದ ಕಲೆ ಆಗುವಷ್ಟು ಹೋಗುವುದು. ಇವೆರಡು ಬೇಗ ಮುಗಿದವು.

ಜಾಸ್ತಿ ಹೊತ್ತು ಹಿಡಿದಿದ್ದು ಅವಳ ಕೋರ್ಸಿನ ಹೆಸರೇ. 'ನರ್ಸಿಂಗ್ ಮದರ್' ಅನ್ನುವುದನ್ನು ಅವಳು 'ನರ್ಸ್ ಕೆಲಸ ಮಾಡುವ ತಾಯಿ' ಅಂದುಕೊಂಡಿದ್ದಳು. ಅದು ಹಾಲುಣಿಸುವ ತಾಯಿ. ಈ ಪದದ ಬೇರು ಲ್ಯಾಟಿನ್ನಿನಲ್ಲಿದೆ, ಅಲ್ಲಿ ಅದಕ್ಕೆ ಪೋಷಿಸುವುದು ಅಂತ ಅರ್ಥ. ಅದು ಫ್ರೆಂಚ್ ದಾರಿಯಾಗಿ ಇಂಗ್ಲಿಷಿಗೆ ಬಂದಾಗ ನರ್ಸ್ ಅಂದರೆ ಮೊದಲು ಮಗುವಿಗೆ ಎದೆಹಾಲು ಕೊಡುವವಳು, ಮಗುವನ್ನು ಸಾಕುವವಳು. ರೋಗಿಯ ಆರೈಕೆ ಮಾಡುವವರಿಗೆ ಆ ಹೆಸರು ಬಂದಿದ್ದು ಆಮೇಲೆ. 'ನರ್ಸಿಂಗ್ ಎ ಗ್ರಡ್ಜ್' ಅಂತಲೂ ಹೇಳುತ್ತಾರೆ, ಕೋಪವನ್ನು ಒಳಗೊಳಗೇ ಸಾಕಿಕೊಂಡು ಬರುವುದಕ್ಕೆ. ಎಲ್ಲದರಲ್ಲೂ ಸಾಕುವುದು ಅನ್ನುವುದು ಇದೆ, ಅಲ್ವಾ?

'ರನ್ನಿಂಗ್' ಬಂತು. ಡ್ರಿಪ್ ರನ್ನಿಂಗ್, ಮೂಗು ರನ್ನಿಂಗ್. 'ರನ್ನಿಂಗ್ ಎ ಟೆಂಪರೇಚರ್' ಅಂದರೆ ಸುಮ್ನೆ ಜ್ವರ ಬಂದಿದೆ ಅಂತ. ಇನ್‌ಚಾರ್ಜ್ ಸಿಸ್ಟರ್ ವಾರ್ಡನ್ನು ರನ್ ಮಾಡುತ್ತಾರೆ. ಇದರಲ್ಲಿ ಯಾರೂ ಓಡುತ್ತಿಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯವರು 'ರನ್' ಅನ್ನುವ ಒಂದೇ ಕ್ರಿಯಾಪದಕ್ಕೆ 645 ಅರ್ಥ ಕೊಟ್ಟಿದ್ದಾರೆ. ಇಂಥದ್ದನ್ನು ಒಂದು ಪದಕ್ಕೆ ಒಂದು ಅರ್ಥ ಅಂತ ಬೈಹಾರ್ಟ್ ಮಾಡಿ ಅಂದರೆ ಮಕ್ಕಳು ಏನು ಮಾಡಬೇಕು? ಇವಳಿಗೆ ಕ್ಲಾಸಿನಲ್ಲಿ ಹಾಗೇ ಹೇಳಿದ್ದರಂತೆ. ಇವಳೋ, ಕನ್ನಡ ಮೀಡಿಯಂನಿಂದ ಬಂದಿದ್ದಕ್ಕೇ ತನಗೆ ಹತ್ತುತ್ತಿಲ್ಲ ಅಂದುಕೊಂಡಿದ್ದಾಳೆ. ಇದು ನನ್ನ ಹೊಟ್ಟೆ ಉರಿಸುವ ವಿಷಯ. ಪಿಯು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ನಾನು ದಿನಾ ಇದೇ ಮಾತು ಕೇಳುತ್ತೇನೆ. ನಿಜವಾಗಿ ನೋಡಿದರೆ 'ಇಂಗ್' ವಿಷಯದಲ್ಲಿ ಕನ್ನಡದ ಮಕ್ಕಳ ಕೈಯಲ್ಲೇ ಒಳ್ಳೆಯ ಸಾಧನ ಇದೆ.

ಅವಳ ನೋಟ್ಸಿನ 'ಬ್ಲೀಡಿಂಗ್' ತೆಗೆದುಕೊಂಡೆ. ಬ್ಲೀಡಿಂಗ್ ನಿಂತಿದೆ: ರಕ್ತ ಸುರಿಯುವುದು ನಿಂತಿದೆ. ಬ್ಲೀಡಿಂಗ್ ವೂಂಡ್: ರಕ್ತ ಸುರಿಯುವ ಗಾಯ. ಹಿ ಕೇಮ್ ಇನ್ ಬ್ಲೀಡಿಂಗ್: ರಕ್ತ ಸುರಿಸುತ್ತಾ ಬಂದ. ಹಿ ಈಸ್ ಬ್ಲೀಡಿಂಗ್: ಅವನಿಗೆ ರಕ್ತ ಸುರಿಯುತ್ತಿದೆ. ಇಂಗ್ಲಿಷಿನಲ್ಲಿ ನಾಲ್ಕೂ ಕಡೆ ಒಂದೇ ರೂಪ. ಕನ್ನಡದಲ್ಲಿ ನಾಲ್ಕು ಬಾಲ, ನಾಲ್ಕೂ ಬೇರೆ. ಈ ನಾಲ್ಕನ್ನು ಬೆರೆಸಿ ಮಾತಾಡುವ ಕನ್ನಡದ ಮಗುವನ್ನು ನಾನು ಕಂಡಿಲ್ಲ. ಹಾಗಾಗಿ ಅವಳಿಗೆ ಹೇಳಿದ್ದು ಇಷ್ಟೇ. ಪುಟ್ಟೀ, ಇಂಗ್ ಪದ ಕಂಡ ಕೂಡಲೇ ಡಿಕ್ಷನರಿ ತೆಗೀಬೇಡ. ಇಡೀ ವಾಕ್ಯ ಓದಿ, ಇಲ್ಲಿ ನಮ್ಮ 'ವುದು' ಬೇಕಾ, 'ವ' ಬೇಕಾ, 'ತ್ತಾ' ಬೇಕಾ ನೋಡು. ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ.

ಇಂಗ್ಲಿಷಿನಲ್ಲೂ ಒಂದು ಕಾಲಕ್ಕೆ ಇವು ಬೇರೆಯೇ ಇದ್ದವು. ಹಳೆಯ ಇಂಗ್ಲಿಷಿನಲ್ಲಿ ಕ್ರಿಯೆಗೆ ಹೆಸರು ಕೊಡಲು 'ಉಂಗ್', ನಡೆಯುತ್ತಿರುವುದನ್ನು ಹೇಳಲು 'ಎಂಡೆ'. ಮಧ್ಯಕಾಲದಲ್ಲಿ ಎರಡೂ ಬೆರೆತು ಈಗಿನ 'ಇಂಗ್' ಆದವು. ಜರ್ಮನ್ ಭಾಷೆ ಇವತ್ತಿಗೂ ಆ ಎರಡನ್ನು ಬೇರೆಯಾಗಿಯೇ ಉಳಿಸಿಕೊಂಡಿದೆ. ರಕ್ತಸ್ರಾವಕ್ಕೆ ಅಲ್ಲಿ 'ಬ್ಲೂಟುಂಗ್', ರಕ್ತ ಸುರಿಯುವ ಅನ್ನಲು 'ಬ್ಲೂಟೆಂಟ್'. ಇದನ್ನು ಕೇಳಿ ಅವಳ ಕಣ್ಣು ಅರಳಿತು. ಅವಳ ಸೀನಿಯರ್ ಒಬ್ಬಳು ಜರ್ಮನಿಗೆ ಹೋಗಲು ಆ ಭಾಷೆ ಕಲಿಯುತ್ತಿದ್ದಾಳಂತೆ.

ನಮ್ಮ 'ವ' ಕೂಡ ಸಣ್ಣದಲ್ಲ. ಓದುವ ಹುಡುಗಿ, ಓದುವ ಪುಸ್ತಕ, ಓದುವ ಕೋಣೆ ಅನ್ನುತ್ತೇವೆ. ಓದುವವಳು ಒಬ್ಬಳು, ಓದಿಸಿಕೊಳ್ಳುವುದು ಒಂದು, ಓದಲು ಇರುವ ಜಾಗ ಇನ್ನೊಂದು. ಹಾಗಾಗಿ 'ಸ್ಲೀಪಿಂಗ್ ಬೇಬಿ'ಗೂ 'ಸ್ಲೀಪಿಂಗ್ ಪಿಲ್'ಗೂ ಇರುವ ವ್ಯತ್ಯಾಸ ಹೇಳಿದಾಗ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಮಗು ಮಲಗಿದೆ, ಮಾತ್ರೆ ಮಲಗಿಸುತ್ತದೆ. ಇಂಗ್ಲಿಷಿನವರು ಇದನ್ನು ದನಿಯಲ್ಲಿ ತೋರಿಸುತ್ತಾರೆ. ಪಿಲ್ ಬಂದಾಗ ಒತ್ತೆಲ್ಲ 'ಸ್ಲೀಪಿಂಗ್' ಮೇಲೆ, ಬೇಬಿ ಬಂದಾಗ ಎರಡರ ಮೇಲೂ. ಪರೀಕ್ಷೆಯಲ್ಲಿ ಇದು ಬರುವುದಿಲ್ಲ, ಆದರೂ ಹೇಳಿದೆ.

ಕಮ್ಯುನಿಟಿ ಹೆಲ್ತ್ ಪುಟಗಳಲ್ಲಿ 'ವೇಸ್ಟಿಂಗ್' ಮತ್ತು 'ಸ್ಟಂಟಿಂಗ್' ಇದ್ದವು. ಒಂದನ್ನು ಹಾಳು ಮಾಡುವುದು ಅಂತಲೂ, ಇನ್ನೊಂದನ್ನು ಬೈಕ್ ಸ್ಟಂಟ್ ಅಂತಲೂ ಅಂದುಕೊಂಡಿದ್ದಳು. ಮಗುವಿನ ಎತ್ತರಕ್ಕೆ ತಕ್ಕ ತೂಕ ಇಲ್ಲದೆ ಸೊರಗಿದ್ದರೆ ವೇಸ್ಟಿಂಗ್, ವಯಸ್ಸಿಗೆ ತಕ್ಕ ಎತ್ತರ ಇಲ್ಲದಿದ್ದರೆ ಸ್ಟಂಟಿಂಗ್. ನಾಳೆ ಇವಳು ಯಾವುದೋ ಅಂಗನವಾಡಿಯಲ್ಲಿ ಮಗುವನ್ನು ತೂಕಕ್ಕೆ ಹಾಕಿ ಚಾರ್ಟ್ ತುಂಬುವವಳು. ಅಲ್ಲಿ ಇವೆರಡು ಅದಲುಬದಲಾಗಬಾರದು.

ಸಂಜೆ ಕಾಫಿ ಹೊತ್ತಿಗೆ ನಾನೇ ಎರಡು ವಾಕ್ಯ ಕೊಟ್ಟೆ. 'ದಿ ಮದರ್ ಸ್ಟಾಪ್ಡ್ ಫೀಡಿಂಗ್ ದಿ ಬೇಬಿ.' 'ದಿ ಮದರ್ ಸ್ಟಾಪ್ಡ್ ಟು ಫೀಡ್ ದಿ ಬೇಬಿ.' ಅವಳು ಲೋಟ ಕೆಳಗಿಟ್ಟು ಬರೆದಳು. ಮೊದಲನೆಯದಕ್ಕೆ, ತಾಯಿ ಮಗುವಿಗೆ ಹಾಲು ಕುಡಿಸುವುದನ್ನು ನಿಲ್ಲಿಸಿದಳು. ಎರಡನೆಯದಕ್ಕೆ, ತಾಯಿ ಮಗುವಿಗೆ ಹಾಲು ಕುಡಿಸಲು ನಿಂತಳು. ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಅಂತ ಓದುವವರು ಕೇಸ್ ಶೀಟಿನಲ್ಲಿ ಇದನ್ನು ತಪ್ಪಿ ಬರೆದರೆ ಡ್ಯೂಟಿಗೆ ಬಂದ ಮುಂದಿನವರು ಏನು ತಿಳಿದುಕೊಳ್ಳಬೇಕು? ಅವಳೇ ಇದನ್ನು ಕೇಳಿದಳು, ನಾನಲ್ಲ.

'ವೀನಿಂಗ್' ಕೊನೆಗೆ ಬಂತು. ಎದೆಹಾಲು ಬಿಡಿಸುವುದು ಅಂತ ಬರೆದುಕೊಂಡಿದ್ದಳು. ಹಾಗಾದರೆ ಐಸಿಯುನಲ್ಲಿ 'ವೀನಿಂಗ್ ಫ್ರಮ್ ವೆಂಟಿಲೇಟರ್' ಯಾಕೆ ಅಂತ ಕೇಳಿದಳು. ಆ ಪದದ ಹಳೆಯ ಅರ್ಥ ರೂಢಿ ಮಾಡಿಸುವುದು. ಮಗುವಿಗೆ ಬೇರೆ ಊಟ ರೂಢಿ ಮಾಡಿಸುತ್ತಾರೆ. ವೆಂಟಿಲೇಟರಿನಲ್ಲಿರುವವರಿಗೆ ಸ್ವಂತ ಉಸಿರನ್ನು ಮತ್ತೆ ರೂಢಿ ಮಾಡಿಸುತ್ತಾರೆ, ಸ್ವಲ್ಪ ಸ್ವಲ್ಪವಾಗಿ ಮೆಷಿನ್ನಿನ ಸಹಾಯ ಕಡಿಮೆ ಮಾಡುತ್ತಾ.

ಬೆಳಿಗ್ಗೆ ಅವಳು ಬಸ್ಸು ಹಿಡಿಯಬೇಕು. 'ಬೇರಿಂಗ್' ಇನ್ನೂ ಬಾಕಿ. ಹೆರಿಗೆಯಲ್ಲಿ ಮುಕ್ಕುವುದು 'ಬೇರಿಂಗ್ ಡೌನ್', ಮೂಳೆ ಮುರಿದು ಕೂಡಿದ ಮೇಲೆ ಕಾಲಿಗೆ ಭಾರ ಕೊಡುವುದು 'ವೆಯ್ಟ್ ಬೇರಿಂಗ್', ಅವಳಪ್ಪನ ಗಾಡಿಯ ಚಕ್ರದೊಳಗೂ ಒಂದು ಬೇರಿಂಗ್. ಫೋನಿನಲ್ಲಿ ಹೇಳುತ್ತೇನೆ ಅಂದಿದ್ದೇನೆ.