ಬೇಲಿ ಮುರಿದ ಪ್ರಾಂತ್ಯಗಳು

ವಿಯೆಟ್ನಾಂನ ಆರ್ಥಿಕ ಸುಧಾರಣೆ 1986ರ ಡಿಸೆಂಬರ್‌ನಲ್ಲಿ, ಕಮ್ಯುನಿಸ್ಟ್ ಪಕ್ಷದ ಆರನೇ ಮಹಾಧಿವೇಶನದಲ್ಲಿ ಶುರುವಾಯಿತೆಂದು ನಾವು ಊರಿನಲ್ಲಿ ಓದುತ್ತೇವೆ. ನಾವೀಗ ಇರುವ ಹೋ ಚಿ ಮಿನ್ ನಗರದ ಹಿರಿಯರು ಮಾತ್ರ ಆ ಕಥೆಯನ್ನು ಅಕ್ಕಿಯಿಂದ ಶುರುಮಾಡುತ್ತಾರೆ.

ನಮಗೆ ಮನೆ ಬಾಡಿಗೆಗೆ ಕೊಟ್ಟಿರುವ ಅಜ್ಜಿ ಸುಧಾರಣೆಗೆ ಮುಂಚಿನ ಆ ದಿನಗಳಲ್ಲಿ ಶಾಲಾ ಶಿಕ್ಷಕಿ. ಪಡಿತರದಲ್ಲಿ ಸಿಗುತ್ತಿದ್ದುದು ಮುಗ್ಗಲು ಅಕ್ಕಿ, ಅದು ಸಾಲದಿದ್ದರೆ ಗೆಣಸು, ಇಲ್ಲವೇ ಎಷ್ಟು ಬೇಯಿಸಿದರೂ ಮೆತ್ತಗಾಗದ ‘ಬೊ ಬೊ’ ಎಂಬ ಒರಟು ಧಾನ್ಯ. ಯಾರಾದರೂ ಮುಖ ಸಪ್ಪಗೆ ಮಾಡಿಕೊಂಡರೆ ‘ಅಕ್ಕಿ ಪುಸ್ತಕ (ಪಡಿತರ ಪುಸ್ತಕ) ಕಳೆದುಕೊಂಡೆಯಾ’ ಎಂದು ಇಂದಿಗೂ ಇಲ್ಲಿ ಕೇಳುತ್ತಾರೆ. ಅಕ್ಕಿಯ ಕಣಜವಾದ ಮೆಕಾಂಗ್ ಸೀಮೆ ಪಕ್ಕದಲ್ಲೇ ಇತ್ತು. ಆದರೆ ಸರ್ಕಾರ ಭತ್ತಕ್ಕೆ ಕೊಡುತ್ತಿದ್ದುದು ಕಿಲೋಗೆ ಅರ್ಧ ಡಾಂಗ್, ಪೇಟೆಯ ಬೆಲೆ ಅದರ ಐದು ಪಟ್ಟು. ರೈತರು ಮಾರಲೊಲ್ಲರು. ಜನ ತಾವೇ ಅಕ್ಕಿ ಸಾಗಿಸದಂತೆ ದಾರಿಯುದ್ದಕ್ಕೂ ತಪಾಸಣೆ. ಅಜ್ಜಿ ಮೀ ಥೋದ ತವರಿನಿಂದ ಬರುವಾಗ ಉದ್ದನೆಯ ಬಟ್ಟೆಚೀಲದಲ್ಲಿ ಅಕ್ಕಿ ಹೊಲಿದು, ಅಂಗಿಯೊಳಗೆ ಸೊಂಟಕ್ಕೆ ಸುತ್ತಿಕೊಂಡು ಬಸ್ ಹತ್ತುತ್ತಿದ್ದರಂತೆ.

ಆಗ ನಗರದ ಪಕ್ಷ ಕಾರ್ಯದರ್ಶಿಯಾಗಿದ್ದವರು ವೊ ವಾನ್ ಕಿಯೆತ್. ಪೇಟೆಯ ಬೆಲೆಗೇ ಅಕ್ಕಿ ಕೊಂಡು ತರಲು ಅವರು ಬಾ ಥಿ ಎಂಬ ಮಹಿಳೆಯ ತಂಡಕ್ಕೆ ಒಪ್ಪಿಗೆ ಕೊಟ್ಟರು. ನಿಯಮ ಮುರಿದದ್ದಕ್ಕೆ ಆಕೆ ಜೈಲಿಗೆ ಹೋದರೆ ತಾನೇ ಊಟ ತಂದುಕೊಡುವುದಾಗಿ ಕಿಯೆತ್ ಮಾತು ಕೊಟ್ಟಿದ್ದರೆಂದು ಜನ ಈಗಲೂ ಅಭಿಮಾನದಿಂದ ಹೇಳುತ್ತಾರೆ. 1980ರಲ್ಲಿ ನೆರೆಯ ಲಾಂಗ್ ಆನ್ ಪ್ರಾಂತ್ಯ ಪಡಿತರ ಚೀಟಿಗಳನ್ನು ಕೈಬಿಟ್ಟು, ಆ ಹಣವನ್ನು ಸಂಬಳಕ್ಕೇ ಸೇರಿಸಿತು. ಉತ್ತರದ ಹೈಫಾಂಗ್‌ನಲ್ಲಿ ಸಹಕಾರಿ ಜಮೀನನ್ನು ಗುಟ್ಟಾಗಿ ಕುಟುಂಬಗಳಿಗೆ ಗುತ್ತಿಗೆ ಕೊಟ್ಟರು. ಕೇಂದ್ರದ ನಿಯಮ ಮೀರಿದ ಇದಕ್ಕೆಲ್ಲ ಇಲ್ಲಿನವರು ಬೇಲಿ ಮುರಿಯುವುದು ಎನ್ನುತ್ತಾರೆ.

1960ರ ದಶಕದಲ್ಲಿ ಇದೇ ಗುತ್ತಿಗೆ ಪದ್ಧತಿ ತಂದ ವಿನ್ ಫುಕ್ ಪ್ರಾಂತ್ಯದ ಕಾರ್ಯದರ್ಶಿ ಕಿಮ್ ನೊಕ್ ತಪ್ಪೊಪ್ಪಿಗೆ ಬರೆದುಕೊಡಬೇಕಾಯಿತು. ಹಾಗಾದರೆ ನಂತರದವರು ಉಳಿದುಕೊಂಡದ್ದು ಹೇಗೆ? ನಮ್ಮ ಭಾರತದಲ್ಲಿ ರಾಜ್ಯಗಳಿಗೆ ಸಂವಿಧಾನವೇ ಅಧಿಕಾರ ಕೊಟ್ಟಿದೆ. ಇಲ್ಲಿನ ಪ್ರಾಂತ್ಯಗಳಿಗೆ ಅಂಥ ರಕ್ಷಣೆಯಿಲ್ಲ. ಅವುಗಳ ಬಲವೆಲ್ಲ ಪಕ್ಷದ ಕೇಂದ್ರ ಸಮಿತಿಯಲ್ಲಿತ್ತು. ಪಕ್ಷದ ಉನ್ನತ ನಾಯಕಮಂಡಳಿಯಾದ ಪಾಲಿಟ್‌ಬ್ಯೂರೊವನ್ನೂ ಪಕ್ಷದ ಮುಖ್ಯಸ್ಥರಾದ ಪ್ರಧಾನ ಕಾರ್ಯದರ್ಶಿಯನ್ನೂ ಆರಿಸುವುದು ಆ ಸಮಿತಿ, ಅದರಲ್ಲಿ ಪ್ರಾಂತ್ಯಗಳ ನಾಯಕರದು ದೊಡ್ಡ ಗುಂಪು. ಮಾಸ್ಕೋದಲ್ಲಿ ಸುಧಾರಣೆಗೆ ಹೊರಟ ಸೋವಿಯತ್ ನಾಯಕ ಗೋರ್ಬಚೆವ್‌ಗೆ ಎದುರಾದಂಥ ಭಾರೀ ಕೈಗಾರಿಕಾ ಸಚಿವಾಲಯಗಳ ಹಿಡಿತವೂ ಈ ಬಡ ಕೃಷಿ ದೇಶದಲ್ಲಿ ಬೇರೂರಿರಲಿಲ್ಲ.

1985ರ ನೋಟು ಬದಲಾವಣೆ ನೆಲಕಚ್ಚಿ, ಮರುವರ್ಷ ಹಣದುಬ್ಬರ ಶೇ. 700 ದಾಟಿದಾಗ ಕೇಂದ್ರದ ಬಳಿ ಬೇರೆ ದಾರಿಯೇ ಇರಲಿಲ್ಲ. ಪ್ರಾಂತ್ಯಗಳ ಬಳಿ ಮಾಡಿ ನೋಡಿದ ದಾರಿಯಿತ್ತು. ಅಂದು ಕಿಮ್ ನೊಕ್‌ರನ್ನು ಖಂಡಿಸಿದ್ದ ಪಕ್ಷದ ಹಿರಿಯ ನಾಯಕ ಚೂಂಗ್ ಚಿನ್ 1986ರಲ್ಲಿ ಸುಧಾರಣೆಯ ಪರ ನಿಂತರು. ನನಗೆ ಈ ಇತಿಹಾಸದಲ್ಲಿ ಅತ್ಯಂತ ಗೌರವ ಹುಟ್ಟಿಸುವ ಘಟನೆ ಅದು. 1982ರಲ್ಲಿ ಪಾಲಿಟ್‌ಬ್ಯೂರೊದಿಂದ ಹೊರಬಿದ್ದಿದ್ದ ನಗರದ ಇನ್ನೊಬ್ಬ ನಾಯಕ ನುಯೆನ್ ವಾನ್ ಲಿನ್ ಪ್ರಧಾನ ಕಾರ್ಯದರ್ಶಿಯಾದರು. 1988ರಲ್ಲಿ ರೈತ ಕುಟುಂಬಗಳಿಗೆ ಜಮೀನಿನ ದೀರ್ಘಾವಧಿ ಗುತ್ತಿಗೆ ಅಧಿಕೃತವಾಯಿತು. 1989ರಲ್ಲಿ ಈ ದೇಶ ಸುಮಾರು 14 ಲಕ್ಷ ಟನ್ ಅಕ್ಕಿ ರಫ್ತು ಮಾಡಿತು.

2025ರ ಜುಲೈ 1ರಿಂದ 63 ಪ್ರಾಂತ್ಯ, ನಗರಗಳು 34ಕ್ಕೆ ಇಳಿದಿವೆ. ಲಾಂಗ್ ಆನ್ ತೈ ನಿನ್‌ನೊಳಗೆ, ವಿನ್ ಫುಕ್ ಫು ಥೋದೊಳಗೆ ಸೇರಿಹೋದವು. ಜಿಲ್ಲಾ ಹಂತವೇ ರದ್ದಾಗಿ ನಮ್ಮ ಕಾಗದಪತ್ರದ ಓಡಾಟ ಕಡಿಮೆಯಾಗಿದೆ, ಅದು ಒಳ್ಳೆಯದೇ. ಖಾಸಗಿ ವಲಯಕ್ಕೆ ಉತ್ತೇಜನ ಕೊಡುವ ನಿರ್ಣಯವೂ ಅದೇ ವರ್ಷ ಬಂದಿದೆ. ಆದರೆ ಪ್ರಾಂತ್ಯದ ಕಾರ್ಯದರ್ಶಿ ಸ್ಥಳೀಯರಾಗಿರಬಾರದು ಎಂಬುದು ಈಗ ಪಕ್ಷದ ನೀತಿ. ಲಂಚ, ಸ್ವಜನಪಕ್ಷಪಾತ ತಡೆಯಲು ಅದು ಬೇಕೆನ್ನುವವರ ವಾದ ನನಗೆ ಅರ್ಥವಾಗುತ್ತದೆ. ಕಿಯೆತ್ ಮಾತ್ರ ಇದೇ ಮೆಕಾಂಗ್ ಸೀಮೆಯ ವಿನ್ ಲಾಂಗ್‌ನವರು, ಭತ್ತ ಬೆಳೆಯುವವರ ಹಟ ಬಲ್ಲವರು. ನಾಳೆ ಹನೋಯ್‌ನ ಯಾವುದೋ ಆದೇಶ ಇಲ್ಲಿನ ರೈತರ ಹೊಟ್ಟೆಗೆ ಹೊಡೆದರೆ, ದೂರದಿಂದ ವರ್ಗವಾಗಿ ಬಂದ ಕಾರ್ಯದರ್ಶಿ ತನ್ನ ಹುದ್ದೆಯನ್ನು ಪಣಕ್ಕಿಟ್ಟು ಅದನ್ನು ಮುರಿಯುತ್ತಾರೆಂದು ನನಗೆ ನಂಬಿಕೆಯಿಲ್ಲ.