ಮೌಸ್ ಬದಿಗಿಟ್ಟು ಅರ್ಜಿ ತುಂಬಿದ ದಿನ

ಕೊಪ್ಪಳದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಳೆದ ಬೇಸಿಗೆಯಲ್ಲಿ ಒಂದು ಇಡೀ ದಿನ ಒಂದೇ ಕೆಲಸ. ನೇಮಕಾತಿ ಜಾಲತಾಣವೊಂದರ ಅರ್ಜಿಯನ್ನು ವಿಕಲಚೇತನ ಅಭ್ಯರ್ಥಿಗಳು ಮೊದಲಿಂದ ಕೊನೆಯವರೆಗೆ ತಾವೇ ತುಂಬಬಲ್ಲರೇ ಎಂದು ಪರೀಕ್ಷಿಸುವುದು. ಕುಳಿತವರು ನಾಲ್ವರು: ಪೂರ್ತಿ ಕಣ್ಣು ಕಾಣದ ಒಬ್ಬರು, ಮಂದದೃಷ್ಟಿಯ ಒಬ್ಬರು, ಸೆರೆಬ್ರಲ್ ಪಾಲ್ಸಿಯಿಂದ ಕೈ ನಡುಗುವ ಒಬ್ಬರು, ಕಿವಿ ಕೇಳಿಸದ ಒಬ್ಬರು. ಅವರ ಪಕ್ಕದಲ್ಲಿ ಕೋಡ್ ಬರೆಯುವವರು. ಜಾಲತಾಣ ಯಾರದೆಂದು ಹೇಳುವ ಅಗತ್ಯವಿಲ್ಲ. ಇಲ್ಲಿ ಕಂಡ ತೊಡಕುಗಳು ಸರ್ಕಾರಿ ಅರ್ಜಿಗಳಲ್ಲೂ ಇವೆ, ಖಾಸಗಿ ಕಂಪನಿಗಳ ಅರ್ಜಿಗಳಲ್ಲೂ ಇವೆ.

‘ಸೈಬರ್‌ಗೆ ಹೋಗಿ ತುಂಬಿಸ್ಕೊಂಡ್ ಬರ್ರಿ, ಅದರಾಗೇನೈತಿ’ ಎನ್ನುವವರು ಬಹಳ. ಅದರಲ್ಲಿ ಏನಿದೆ ಎಂದರೆ: ಪಾಸ್‌ವರ್ಡ್, ಆಧಾರ್, ಒಟಿಪಿ, ಯುಡಿಐಡಿ (ವಿಕಲಚೇತನರ ಗುರುತಿನ ಚೀಟಿ) ನಂಬರ್ ಎಲ್ಲವೂ ಇನ್ನೊಬ್ಬರ ಕೈಗೆ ಹೋಗುತ್ತವೆ. ಎಷ್ಟೋ ಸಲ ನೋಂದಣಿಗೆ ಕೊಡುವ ಇಮೇಲ್ ಕೂಡ ಅಂಗಡಿಯವರದೇ. ಹಾಲ್‌ಟಿಕೆಟ್ ಬಂದಿದ್ದು ಅಭ್ಯರ್ಥಿಗೆ ಗೊತ್ತೇ ಆಗುವುದಿಲ್ಲ. ನಮ್ಮ ಭಾಗದಲ್ಲಿ ಇನ್ನೂ ಒಂದು ಅಪಾಯವಿದೆ. ಸಂವಿಧಾನದ 371ಜೆ ವಿಧಿಯ ಕಾಲಂನಲ್ಲಿ ಅವಸರಕ್ಕೆ ‘ಇಲ್ಲ’ ಒತ್ತಿಬಿಟ್ಟರೆ ಕಲ್ಯಾಣ ಕರ್ನಾಟಕದ ಸ್ಥಳೀಯ ಮೀಸಲಾತಿಯೇ ಕೈತಪ್ಪುತ್ತದೆ. ಬಹಳಷ್ಟು ನೇಮಕಾತಿಗಳಲ್ಲಿ ಫೈನಲ್ ಸಬ್ಮಿಟ್ ಆದಮೇಲೆ ತಿದ್ದುಪಡಿ ಇಲ್ಲ. ತಾನು ಓದಿ ನೋಡಲಾಗದ ಅರ್ಜಿಗೆ ‘ಮೇಲಿನ ಮಾಹಿತಿ ಸತ್ಯ’ ಎಂದು ಟಿಕ್ ಹಾಕುವ ಹೊಣೆ ಮಾತ್ರ ಅಭ್ಯರ್ಥಿಯದೇ.

ಮೊದಲು ಮಾಡಿದ್ದು ಮೌಸ್ ಕಿತ್ತು ಪಕ್ಕಕ್ಕಿಟ್ಟದ್ದು. ಟ್ಯಾಬ್, ಶಿಫ್ಟ್ ಟ್ಯಾಬ್, ಬಾಣದ ಕೀಲಿಗಳು, ಸ್ಪೇಸ್, ಎಂಟರ್ ಇಷ್ಟರಲ್ಲೇ ಅರ್ಜಿ ಮುಗಿಯಬೇಕು. ಇದಕ್ಕೆ ಯಾವ ಸಾಫ್ಟ್‌ವೇರೂ ಬೇಡ, ಕಣ್ಣು ಕಾಣುವ ಡೆವಲಪರ್ ಕೂಡ ಅರ್ಧ ಗಂಟೆಯಲ್ಲಿ ಮಾಡಿ ನೋಡಬಹುದು. ಆಮೇಲೆ ಎನ್‌ವಿಡಿಎ. ವಿಂಡೋಸ್‌ನಲ್ಲಿ ನಡೆಯುವ, ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಉಚಿತ ಸ್ಕ್ರೀನ್ ರೀಡರ್ ಇದು, ಜೊತೆಗೆ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಇನ್ಸರ್ಟ್ ಮತ್ತು ಎಫ್7 ಒತ್ತಿದರೆ ಪುಟದ ಲಿಂಕು, ಶೀರ್ಷಿಕೆ, ಫಾರ್ಮ್ ಫೀಲ್ಡು, ಬಟನ್‌ಗಳ ಪಟ್ಟಿ ಬರುತ್ತದೆ. ಈ ಅರ್ಜಿಯ ಫೀಲ್ಡುಗಳ ಪಟ್ಟಿಯಲ್ಲಿ ಹೆಸರೇ ಇಲ್ಲದ ಬಾಕ್ಸುಗಳು ಒಂದರ ಕೆಳಗೊಂದು ಸಾಲಾಗಿ ನಿಂತಿದ್ದವು.

ಕಾರಣ ಸರಳ. ಪರದೆಯ ಮೇಲೆ ಎಡಕ್ಕೆ ‘ತಂದೆಯ ಹೆಸರು’ ಎಂದಿದೆ, ಬಲಕ್ಕೆ ಬಾಕ್ಸ್ ಇದೆ. ಕಣ್ಣಿಗೆ ಎರಡೂ ಜೊತೆ ಕಾಣುತ್ತವೆ, ಕೋಡ್‌ನಲ್ಲಿ ಅವಕ್ಕೆ ಸಂಬಂಧವೇ ಇಲ್ಲ. ಎನ್‌ವಿಡಿಎ ‘ಎಡಿಟ್, ಬ್ಲ್ಯಾಂಕ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಲೇಬಲ್ ಟ್ಯಾಗ್‌ನ ‘ಫಾರ್’ ಬೆಲೆಯೂ ಇನ್‌ಪುಟ್‌ನ ‘ಐಡಿ’ ಬೆಲೆಯೂ ಒಂದೇ ಇದ್ದರೆ ಮುಗಿಯಿತು. ಬಾಕ್ಸಿನೊಳಗೆ ತಿಳಿ ಅಕ್ಷರದಲ್ಲಿ ಸುಳಿವು ಹಾಕಿದರೆ ಸಾಕಲ್ಲ ಎಂದರೆ ಸಾಲದು. ಟೈಪ್ ಮಾಡಲು ಶುರು ಮಾಡಿದ ಕೂಡಲೇ ಅದು ಮಾಯ. ಹಿಗ್ಗಿಸಿಕೊಂಡು ಓದುವ ಮಂದದೃಷ್ಟಿಯವರಿಗೆ ತಾನು ಯಾವ ಬಾಕ್ಸಿನಲ್ಲಿದ್ದೇನೆ ಎಂಬುದೇ ತಪ್ಪಿಹೋಗುತ್ತದೆ. ಆ ತಿಳಿ ಬೂದು ಬಣ್ಣದ್ದು ಬೇರೆ ಗೋಳು. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸ ಬೇಕೆಂದು ಡಬ್ಲ್ಯೂಸಿಎಜಿ, ಅಂದರೆ ಜಾಲತಾಣಗಳು ಎಲ್ಲರಿಗೂ ಬಳಸಲು ಬರುವಂತಿರಬೇಕೆಂಬ ಅಂತರರಾಷ್ಟ್ರೀಯ ಮಾನದಂಡ, ಹೇಳುತ್ತದೆ. ಡಿಸೈನರುಗಳಿಗೆ ಪ್ರೀತಿಯ, 999999 ಎಂಬ ಬಣ್ಣದ ಸಂಖ್ಯೆಯ ಬೂದು ಬಿಳಿಯ ಮೇಲೆ 3:1 ಕೂಡ ಮುಟ್ಟುವುದಿಲ್ಲ. 767676ಕ್ಕೆ ಇಳಿಸಿದರೆ ಪಾಸು.

ಹೆಚ್ಚು ಹೊತ್ತು ಹಿಡಿದದ್ದು ಜಿಲ್ಲೆ ಆರಿಸುವ ಪಟ್ಟಿ. ಡ್ರಾಪ್‌ಡೌನ್ ಮೇಲೆ ನಿಂತು ‘ಕೆ’ ಕೀಲಿ ಒತ್ತಿದರೆ ಇಂಗ್ಲಿಷ್ ಅಕಾರಾದಿಯಲ್ಲಿ ಕೆ ಇಂದ ಶುರುವಾಗುವ ಮೊದಲ ಜಿಲ್ಲೆ ಕಲಬುರಗಿ ಸಿಗುತ್ತದೆ. ಮತ್ತೆ ಮತ್ತೆ ಒತ್ತಿದರೆ ಕೊಡಗು, ಕೋಲಾರ, ಆಮೇಲೆ ಕೊಪ್ಪಳ. ಆದರೆ ಈ ನಮೂನೆಯಲ್ಲಿ ಆಯ್ಕೆ ಬದಲಾದ ಕ್ಷಣವೇ ತಾಲ್ಲೂಕುಗಳನ್ನು ತರಲು ಇಡೀ ಪುಟ ಮತ್ತೆ ಲೋಡ್ ಆಗುತ್ತಿತ್ತು. ಕಲಬುರಗಿ ಬಂತೋ ಇಲ್ಲವೋ, ಪುಟ ಹೋಗಿ ಬಂದು ಫೋಕಸ್ (ಕೀಬೋರ್ಡ್ ಈಗ ಪುಟದಲ್ಲಿ ನಿಂತಿರುವ ಜಾಗ) ಮೇಲಿನ ಲೋಗೋ ಹತ್ತಿರ ನಿಂತಿರುತ್ತಿತ್ತು. ಮತ್ತೆ ಟ್ಯಾಬ್ ಒತ್ತುತ್ತಾ ಕೆಳಗೆ ಬರಬೇಕು, ಮತ್ತೆ ‘ಕೆ’ ಒತ್ತಬೇಕು, ಈ ಸಲ ಕೊಡಗು, ಮತ್ತೆ ಪುಟ ಹೋಯಿತು.

‘ಸರ, ಕೊಪ್ಪಳದಾಗ ಕುಂತು ಕೊಪ್ಪಳಕ್ಕ ಹೋಗಾಕ ಆಗವಲ್ದಲ್ರಿ’ ಎಂದರು ಎನ್‌ವಿಡಿಎ ಬಳಸುತ್ತಿದ್ದವರು.

ಅಭ್ಯರ್ಥಿಗೆ ಇಲ್ಲೊಂದು ಒಳದಾರಿ ಇದೆ: ಆಲ್ಟ್ ಹಿಡಿದು ಕೆಳಬಾಣ ಒತ್ತಿ ಪಟ್ಟಿಯನ್ನು ತೆರೆದುಕೊಳ್ಳುವುದು, ಬಾಣದಿಂದ ಕೊಪ್ಪಳಕ್ಕೆ ಬಂದು ಎಂಟರ್ ಒತ್ತುವುದು. ಪಟ್ಟಿ ತೆರೆದಿರುವಷ್ಟು ಹೊತ್ತು ಕ್ರೋಮ್ ಆಯ್ಕೆ ಬದಲಾಯಿತೆಂದು ಪುಟಕ್ಕೆ ಹೇಳುವುದಿಲ್ಲ. ಇದನ್ನು ಹೊಸಬರಿಗೆ ಕಲಿಸಬಹುದು, ಕಲಿಸಬೇಕಾಗಿ ಬರಬಾರದು. ಸರಿಯಾದ ರಿಪೇರಿ ಕೋಡ್‌ನಲ್ಲಿದೆ. ತಾಲ್ಲೂಕುಗಳನ್ನು ಪುಟ ಕದಲಿಸದೆ ಹಿಂದಿನಿಂದ ತರಿಸಿ, ಫೋಕಸ್ ಇದ್ದಲ್ಲೇ ಇರಲಿ. ಬಂದ ಮೇಲೆ ಎಆರ್‌ಐಎ ಲೈವ್ ಪ್ರದೇಶದಲ್ಲಿ (ಬದಲಾವಣೆಯನ್ನು ಸ್ಕ್ರೀನ್ ರೀಡರ್‌ಗೆ ತಿಳಿಸಲು ಕೋಡ್‌ನಲ್ಲಿ ಗುರುತು ಹಾಕಿದ ಜಾಗ) ‘ಕೊಪ್ಪಳ ಜಿಲ್ಲೆಯ 7 ತಾಲ್ಲೂಕುಗಳು ಬಂದಿವೆ’ ಎಂಬ ಒಂದು ಸಾಲು ಬರೆಯಿರಿ, ಸ್ಕ್ರೀನ್ ರೀಡರ್ ತಾನಾಗಿ ಓದುತ್ತದೆ.

ಹುಟ್ಟಿದ ದಿನಾಂಕದ್ದೂ ಇಂಥದೇ ಹಣೆಬರಹ. ಬಾಕ್ಸಿಗೆ ರೀಡ್‌ಓನ್ಲಿ ಹಾಕಿ, ಕ್ಯಾಲೆಂಡರ್‌ನಿಂದಲೇ ಆರಿಸಬೇಕೆಂದು ಕಟ್ಟುಹಾಕಿದ್ದರು. ಕ್ಯಾಲೆಂಡರ್ ತೆರೆಯುವುದು ಈ ತಿಂಗಳಿಗೆ. 28 ವರ್ಷದವರು ಹಿಂದಕ್ಕೆ ಹೋಗಲು 336 ಸಲ ಒತ್ತಬೇಕು, ಅದೂ ಆ ಪುಟ್ಟ ಬಾಣದ ಗುರುತಿಗೆ ಕೀಬೋರ್ಡ್ ತಲುಪಿದರೆ. ಕೈ ನಡುಗುವವರಿಗೆ ಮೌಸ್ ವಾಪಸ್ ಕೊಟ್ಟರೂ ಅದು ಸಿಗಲಿಲ್ಲ. ಒತ್ತುವ ಜಾಗ ಕನಿಷ್ಠ 24ಕ್ಕೆ 24 ಪಿಕ್ಸೆಲ್ ಇರಬೇಕೆಂದು 2023ರ ಡಬ್ಲ್ಯೂಸಿಎಜಿ 2.2 ಸೇರಿಸಿದ್ದು ಇದಕ್ಕೇ. ಹುಟ್ಟಿದ ದಿನ ಎಲ್ಲರಿಗೂ ಬಾಯಿಪಾಠ. ದಿನ, ತಿಂಗಳು, ವರ್ಷ ಎಂದು ಮೂರು ಬಾಕ್ಸ್ ಕೊಟ್ಟು ‘ಹುಟ್ಟಿದ ದಿನಾಂಕ’ ಎಂಬ ಒಂದು ಲೆಜೆಂಡ್ (ಶೀರ್ಷಿಕೆ) ಕೆಳಗೆ ಫೀಲ್ಡ್‌ಸೆಟ್ (ಒಂದೇ ಗುಂಪು) ಮಾಡಿದರೆ ಟೈಪ್ ಮಾಡಿ ಮುಂದೆ ಹೋಗುತ್ತಾರೆ.

ಕ್ಯಾಪ್ಚಾ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ, ಅದನ್ನು ತೆಗೆಯಿರಿ. ಮೊಬೈಲ್‌ಗೆ ಒಟಿಪಿ ಹೋಗುವ ನಮೂನೆಯಲ್ಲಿ ಸೊಟ್ಟ ಅಕ್ಷರಗಳ ಚಿತ್ರ ಇನ್ನೂ ಏಕೆ? ಒಂದು ನಂಬರಿನಿಂದ ಎಷ್ಟು ಪ್ರಯತ್ನ ಎಂಬ ಮಿತಿಯನ್ನು ಸರ್ವರ್‌ನಲ್ಲೇ ಹಾಕಬಹುದು. ಪಕ್ಕದಲ್ಲಿ ಸ್ಪೀಕರ್ ಗುರುತು ಇತ್ತು ನಿಜ, ಬರೀ ಚಿತ್ರಕ್ಕೆ ಕ್ಲಿಕ್ ಕಟ್ಟಿದ್ದರಿಂದ ಟ್ಯಾಬ್ ಅಲ್ಲಿ ನಿಲ್ಲುತ್ತಲೇ ಇರಲಿಲ್ಲ. ಒಟಿಪಿಗೆ ಆರು ಬೇರೆ ಬೇರೆ ಬಾಕ್ಸ್ ಬೇಡ. ಒಂದೇ ಬಾಕ್ಸ್ ಇರಲಿ, ಪೇಸ್ಟ್ ತಡೆಯಬೇಡಿ, ಅವಧಿ ಹೆಚ್ಚಿಸಿ. ಕಣ್ಣು ಕಾಣದವರು ಫೋನಿನ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್‌ನಲ್ಲಿ ಅಂಕಿ ಕೇಳಿಸಿಕೊಂಡು, ನೆನಪಿಟ್ಟು, ಕಂಪ್ಯೂಟರಿಗೆ ಬರಬೇಕು. ಹಳ್ಳಿ ಕಡೆ ನೆಟ್‌ವರ್ಕ್ ಎಸ್‌ಎಂಎಸ್ ತಲುಪಿಸುವಷ್ಟರಲ್ಲೇ ಅರ್ಧ ಸಮಯ ಹೋಗಿರುತ್ತದೆ. ಸೆಷನ್ ಮುಗಿಯುವುದೂ ಹಾಗೆಯೇ. ಮುಗಿಯುವ ಮುಂಚೆ ಎಚ್ಚರಿಸಿ, ಒಂದು ಕೀಲಿ ಒತ್ತಿ ಮುಂದುವರಿಸಲು ಕನಿಷ್ಠ 20 ಸೆಕೆಂಡ್ ಕೊಡಬೇಕು, ಹೀಗೆ ಹತ್ತು ಸಲವಾದರೂ ಬೆಳೆಸಲು ಬಿಡಬೇಕು ಎಂದು ಮಾನದಂಡದಲ್ಲೇ ಇದೆ. ಅದಕ್ಕಿಂತ ಒಳ್ಳೆಯದು, ಪ್ರತಿ ಪುಟದ ಕೊನೆಗೆ ಡ್ರಾಫ್ಟ್ ಉಳಿಸುವುದು.

ಫೋಟೊ, ಸಹಿ ಅಪ್‌ಲೋಡ್‌ನಲ್ಲಿ ಎರಡು ತೊಡಕು. ಚಂದದ ಬಟನ್ ತೋರಿಸಲು ನಿಜವಾದ ಫೈಲ್ ಇನ್‌ಪುಟ್‌ಗೆ ‘ಡಿಸ್‌ಪ್ಲೇ ನನ್’ ಹಾಕಿದ್ದರು. ಹಾಗೆ ಮಾಡಿದರೆ ಕೀಬೋರ್ಡಿಗೂ ಅದು ಇಲ್ಲವಾಗುತ್ತದೆ. ಕಣ್ಣಿಗಷ್ಟೇ ಮರೆಯಾಗಿ ಫೋಕಸ್ ಸಿಗುವಂತೆ ಮರೆಮಾಡುವ ಸಿಎಸ್‌ಎಸ್ ಕ್ಲಾಸ್ ಬೇರೆ ಇದೆ. ಎರಡನೆಯದು ಕೆಬಿ ಲೆಕ್ಕ. ಬ್ಯಾಂಕ್ ಪರೀಕ್ಷೆಗಳ ರೂಢಿಯಂತೆ ಫೋಟೊ 20ರಿಂದ 50 ಕೆಬಿ, ಸಹಿ 10ರಿಂದ 20 ಕೆಬಿ ಇರಬೇಕಂತೆ. ಚಿತ್ರವನ್ನೇ ನೋಡಲಾಗದವರು ಅದನ್ನು ಕತ್ತರಿಸಿ ಕುಗ್ಗಿಸುವುದು ಹೇಗೆ? 2 ಎಂಬಿವರೆಗೆ ತೆಗೆದುಕೊಂಡು ಸರ್ವರ್ ತಾನೇ ಕುಗ್ಗಿಸಿಕೊಳ್ಳಲಿ, ಡೆವಲಪರಿಗೆ ಅದು ನಾಲ್ಕು ಸಾಲಿನ ಕೆಲಸ. ಸಹಿ ಹಾಕಲಾಗದವರಿಗೆ ಹೆಬ್ಬೆಟ್ಟು, ಕೈಯೇ ಇಲ್ಲದವರಿಗೆ ಬೇರೊಂದು ಘೋಷಣೆ ಎಂಬ ಆಯ್ಕೆ ಅದೇ ಪುಟದಲ್ಲಿರಬೇಕು. ಕೆಲವು ಕಡೆ ವೆಬ್‌ಕ್ಯಾಮ್ ಮುಂದೆ ಕಣ್ಣು ಮಿಟುಕಿಸಿ ತೋರಿಸಲು ಹೇಳುತ್ತಾರೆ. ಡಿಜಿಟಲ್ ಕೆವೈಸಿಯ (ಗ್ರಾಹಕರ ಗುರುತು ಪರಿಶೀಲನೆ) ಇಂಥದೇ ತೊಂದರೆ ಹೊತ್ತು ಆಸಿಡ್ ದಾಳಿಗೆ ತುತ್ತಾದವರೂ ಕಣ್ಣು ಕಾಣದವರೊಬ್ಬರೂ ಹೋದ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು, ಡಿಜಿಟಲ್ ಸೇವೆ ಕೈಗೆಟುಕುವುದು 21ನೇ ವಿಧಿಯ ಬದುಕಿನ ಹಕ್ಕಿನ ಭಾಗ ಎಂದಿತು.

ಸಬ್ಮಿಟ್ ಒತ್ತಿದಾಗ ಏನೂ ಆಗಲಿಲ್ಲ. ಎನ್‌ವಿಡಿಎ ಮೌನ. ಪರದೆಯ ಮೇಲ್ಭಾಗದಲ್ಲಿ ಕೆಂಪು ಅಕ್ಷರದಲ್ಲಿ ‘ಅಮಾನ್ಯ ಮಾಹಿತಿ’ ಎಂದು ಬಂದಿತ್ತು, ಫೋಕಸ್ ಕೆಳಗೆ ಬಟನ್ ಮೇಲೇ ಇತ್ತು. ಮೂರು ಪಟ್ಟು ಹಿಗ್ಗಿಸಿ ನೋಡುತ್ತಿದ್ದವರಿಗೂ ಅದು ಕಾಣಲಿಲ್ಲ, ಅವರ ಪರದೆಯಲ್ಲಿ ಆ ಹೊತ್ತಿಗೆ ಬಟನ್ ಸುತ್ತಲಿನದು ಮಾತ್ರ ಇತ್ತು. ತಪ್ಪುಗಳ ಪಟ್ಟಿಗೆ ಫೋಕಸ್ ಒಯ್ಯಬೇಕು, ಪ್ರತಿ ತಪ್ಪೂ ಆಯಾ ಬಾಕ್ಸಿಗೆ ಕರೆದೊಯ್ಯುವ ಲಿಂಕ್ ಆಗಿರಬೇಕು. ‘ಪಿನ್‌ಕೋಡ್ 6 ಅಂಕಿ ಇರಬೇಕು, ನೀವು 5 ಹಾಕಿದ್ದೀರಿ’ ಎಂದು ಬರೆದರೆ ಯಾರಿಗೆ ತಾನೆ ಅರ್ಥವಾಗದು?

ಈ ಅರ್ಜಿಯಲ್ಲಿ ನಿಜವಾದ ತಪ್ಪು ಇದ್ದದ್ದು ಯುಡಿಐಡಿ ಬಾಕ್ಸಿನಲ್ಲಿ. ಆ ಸಂಖ್ಯೆಗೆ 18 ಸ್ಥಾನ, ಶುರುವಿನಲ್ಲಿ ರಾಜ್ಯದ ಇಂಗ್ಲಿಷ್ ಅಕ್ಷರಗಳು. ಬಾಕ್ಸ್ ತೆಗೆದುಕೊಳ್ಳುತ್ತಿದ್ದದ್ದು ಬರೀ ಅಂಕಿ. ವಿಕಲಚೇತನರಿಗೆಂದೇ ಇಟ್ಟ ಬಾಕ್ಸ್, ಒಬ್ಬ ವಿಕಲಚೇತನರ ಕಾರ್ಡ್ ಹಿಡಿದು ಪರೀಕ್ಷಿಸಿದ್ದರೂ ಸಿಕ್ಕಿಬೀಳುತ್ತಿತ್ತು. ಅಂಗವೈಕಲ್ಯದ ಬಗೆಗಳ ಪಟ್ಟಿಯೂ 1995ರ ಕಾಯ್ದೆಯ ಏಳಕ್ಕೇ ನಿಂತಿತ್ತು. 2016ರ ಕಾಯ್ದೆಯಲ್ಲಿ 21 ಇವೆ.

ಅಧಿಸೂಚನೆಯ ಪಿಡಿಎಫ್ ತೆರೆದಾಗ ಕನ್ನಡದ ಹಳೆಯ ರೋಗ ಎದುರಾಯಿತು. ಸ್ಕ್ಯಾನ್ ಮಾಡಿ ಹಾಕಿದ ಪುಟಗಳಲ್ಲಿ ಸ್ಕ್ರೀನ್ ರೀಡರ್‌ಗೆ ಏನೂ ಸಿಗುವುದಿಲ್ಲ. ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಪುಟಗಳಲ್ಲಿ ಸಿಗುವುದು ಇನ್ನೂ ಕೆಟ್ಟದ್ದು: ಕಣ್ಣಿಗೆ ಕನ್ನಡ, ಒಳಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ, ಅದನ್ನೇ ಅದು ಗಟ್ಟಿಯಾಗಿ ಓದುತ್ತದೆ. ಪಿಡಿಎಫ್ ಮಾಡುವ ಮುಂಚೆಯೇ ಪಠ್ಯವನ್ನು ಯುನಿಕೋಡ್‌ಗೆ ತಿರುಗಿಸಬೇಕು. ಜಾಲಪುಟದ ಕೋಡ್‌ನಲ್ಲೂ ಭಾಷೆ ಕನ್ನಡವೆಂದು ನಮೂದಿಸಬೇಕು, ಇಲ್ಲವಾದರೆ ಇಂಗ್ಲಿಷ್ ಧ್ವನಿ ಕನ್ನಡ ಸಾಲುಗಳ ಮೇಲೆ ತೊದಲುತ್ತದೆ.

ಕಿವಿ ಕೇಳಿಸದವರು ಅರ್ಜಿಯನ್ನು ಬೇಗ ಮುಗಿಸಿದರು, ಸಿಕ್ಕಿಕೊಂಡದ್ದು ಸಹಾಯವಾಣಿಯಲ್ಲಿ. ಇದ್ದದ್ದು ಒಂದು ಲ್ಯಾಂಡ್‌ಲೈನ್ ನಂಬರ್ ಮಾತ್ರ. ಪಕ್ಕದಲ್ಲಿ ಒಂದು ಇಮೇಲ್, ಒಂದು ವಾಟ್ಸಾಪ್ ನಂಬರ್ ಸೇರಿಸಲು ಯಾವ ಟೆಂಡರೂ ಬೇಕಿಲ್ಲ.

ಮೂಲೆಯಲ್ಲಿ ವೀಲ್‌ಚೇರ್ ಗುರುತಿನ ಒಂದು ಬಟನ್ ಇತ್ತು. ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ, ಬಣ್ಣ ಬದಲಾಗುತ್ತದೆ. ಇಂಥದ್ದನ್ನು ಕೊಂಡು ಹಾಕಿ ಕೆಲಸ ಮುಗಿಯಿತೆಂದುಕೊಳ್ಳುವುದು ದುಡ್ಡು ದಂಡ. ಅಕ್ಷರ ಹಿಗ್ಗಿಸಲು ಬ್ರೌಸರ್ ಸಾಕು, ಜಿಲ್ಲೆಯ ಪಟ್ಟಿ ರಿಪೇರಿ ಮಾಡಲು ಆ ಬಟನ್ನಿಗೆ ಬರುವುದಿಲ್ಲ. ಲೈಟ್‌ಹೌಸ್, ಆಕ್ಸ್‌ನಂಥ ತಪಾಸಣಾ ಸಾಧನಗಳು ಲೇಬಲ್, ಬಣ್ಣದ ತಪ್ಪುಗಳನ್ನು ನಿಮಿಷದಲ್ಲಿ ಹಿಡಿಯುತ್ತವೆ, ಬಳಸಿ. ಕಲಬುರಗಿಯಲ್ಲಿ ಸಿಕ್ಕಿಕೊಂಡ ಕೊಪ್ಪಳದವರು ಅವಕ್ಕೆ ಕಾಣುವುದಿಲ್ಲ. ಅದಕ್ಕೆ ಸ್ಕ್ರೀನ್ ರೀಡರ್ ದಿನವೂ ಬಳಸುವವರನ್ನೇ ಕರೆಯಬೇಕು, ಅವರ ದಿನಕ್ಕೆ ಸಂಬಳ ಕೊಡಬೇಕು. ಈ ಮಾನದಂಡಗಳನ್ನು ಐಚ್ಛಿಕ ಎಂದುಕೊಳ್ಳುವ ಕಾಲವೂ ಮುಗಿದಿದೆ: 2016ರ ಕಾಯ್ದೆಯ ಕೆಳಗಿನ 15ನೇ ನಿಯಮ ಬರೀ ಶಿಫಾರಸಿನಂತಿದೆ, ಕಡ್ಡಾಯ ಮಾನದಂಡ ಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಹೇಳಿತು.

ಸಂಜೆಗೆ ಅರ್ಜಿ ಹೋಯಿತು. ಬಂದ ಸ್ವೀಕೃತಿ ಪತ್ರ ಮತ್ತೆ ಚಿತ್ರರೂಪದ ಪಿಡಿಎಫ್, ಅರ್ಜಿ ಸಂಖ್ಯೆ ಓದಲು ಬಾರದು. ಅದನ್ನು ಪುಟದ ಮೇಲೆ ಪಠ್ಯವಾಗಿಯೂ ತೋರಿಸಿ, ಎಸ್‌ಎಂಎಸ್‌ನಲ್ಲೂ ಕಳಿಸಬೇಕೆಂದು ಪಟ್ಟಿಯ ಕೊನೆಗೆ ಸೇರಿಸಿದೆವು.