ಕನ್ನಡದ ಮಕ್ಕಳಿಗಾಗಿ ಶುರುವಾದದ್ದು

“ಪುಸ್ತಕದೊಳಗೆ ಈ ಚೌಕ ಬಂದದ್ದೇ ನಿಮ್ಮ ಕನ್ನಡದ ಮಕ್ಕಳಿಂದ, ಗೊತ್ತೇನು ನಿನಗೆ?”

ಪಕ್ಕದ ಮನೆಯ ಕಾಕೂ ಕಳೆದ ವಾರ ಹೀಗೆ ಕೇಳಿದಾಗಿನಿಂದ ಆ ಮಾತು ತಲೆಯಿಂದ ಹೋಗುತ್ತಿಲ್ಲ. ಕಾಕೂ ಪುಣೆಯ ಹೊರವಲಯದ ಜಿಲ್ಲಾ ಪರಿಷತ್ ಶಾಲೆಯಲ್ಲಿ ಮರಾಠಿ ಟೀಚರ್. ಅವರು ಬೆರಳಿಟ್ಟು ತೋರಿಸಿದ್ದು ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಪುಸ್ತಕದಲ್ಲಿ ಅಚ್ಚಾದ ಕ್ಯೂಆರ್ ಕೋಡನ್ನು.

ಈ ಕೋಡಿನ ಹಿಂದಿರುವ ಮಹಾರಾಷ್ಟ್ರದ ಶಾಲಾ ಮೇಷ್ಟ್ರು ರಣಜಿತ್‌ಸಿಂಹ ಡಿಸಳೆ ಅವರಿಗೆ 2020ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂದಾಗ ಎಲ್ಲರ ಬಾಯಲ್ಲೂ ಇದ್ದದ್ದು 10 ಲಕ್ಷ ಡಾಲರ್ ಮತ್ತು ಅದರಲ್ಲಿ ಅರ್ಧವನ್ನು ಉಳಿದ ಒಂಬತ್ತು ಸ್ಪರ್ಧಿಗಳಿಗೆ ಹಂಚಿದ ಅವರ ಔದಾರ್ಯ. ಕಾಕೂಗೆ ನೆನಪಿದ್ದದ್ದು ಅದರ ಹಿಂದಿನ ಕತೆ. 2009ರಲ್ಲಿ ಆ ಮೇಷ್ಟ್ರು ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಗೆ ಹೋದಾಗ ಶಾಲೆಯ ಕಟ್ಟಡ ಪಾಳುಬಿದ್ದಿತ್ತು. ಮಕ್ಕಳ ಮನೆಮಾತು ಕನ್ನಡ. ಪಠ್ಯಪುಸ್ತಕ ಆ ಭಾಷೆಯಲ್ಲಿರಲಿಲ್ಲ. ಅವರು ಕನ್ನಡ ಕಲಿತರು, ಪಾಠಗಳನ್ನು ಮಕ್ಕಳ ಮಾತಿಗೆ ತಂದರು. ಆಮೇಲೆ ಪುಟಗಳಿಗೆ ಕ್ಯೂಆರ್ ಕೋಡ್ ಜೋಡಿಸಿದರು. ಅದರಿಂದ ಹಾಡು, ಕತೆ, ವಿಡಿಯೊ ಮಕ್ಕಳಿಗೆ ಸಿಕ್ಕಿತು. 2017ರಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನ ಎಲ್ಲ ಪಠ್ಯಪುಸ್ತಕಗಳಿಗೂ ಇದನ್ನು ತರುವುದಾಗಿ ಘೋಷಿಸಿತು. ಮೊದಲು ಮಗು, ಆಮೇಲೆ ಭಾಷೆ, ಕೊನೆಗೆ ಯಂತ್ರ. ಈ ಕ್ರಮದಲ್ಲೇ ಎಲ್ಲವೂ ಇದೆ ಎಂದು ನನಗನಿಸುತ್ತದೆ.

ಅವತ್ತು ಕಾಕೂ ಮರುದಿನದ ಪಾಠವನ್ನು ನಮ್ಮ ಮನೆಯಲ್ಲೇ ತಯಾರಿ ಮಾಡಿಕೊಂಡರು. ಮೊಬೈಲಿನಲ್ಲಿ ಕೋಡ್ ಹಿಡಿದರು, ನೀರು ಆವಿಯಾಗಿ ಮೋಡವಾಗುವ ವಿಡಿಯೊ ತೆರೆಯಿತು. ಕೂಡಲೇ ಅದರ ದನಿ ಮುಚ್ಚಿಬಿಟ್ಟರು. “ಇದನ್ನು ಮೊದಲು ಮೂಕವಾಗಿ ತೋರಿಸುತ್ತೇನೆ. ಏನಾಗುತ್ತಿದೆ ಎಂದು ಮಕ್ಕಳೇ ಹೇಳಬೇಕು. ಆಮೇಲೆ ದನಿ” ಎಂದರು. ಇದನ್ನು ಅವರಿಗೆ ಹೇಳಿಕೊಟ್ಟದ್ದು ಯಾವ ಕಂಪ್ಯೂಟರ್ ಪರಿಣತರೂ ಅಲ್ಲ, ತಿಂಗಳ ‘ಶಿಕ್ಷಣ ಪರಿಷದ್’ ಸಭೆಗೆ ಬರುವ ಪಕ್ಕದ ಊರಿನ ಶಿಕ್ಷಕಿ. ಒಬ್ಬರು ಮಾಡಿ ನೋಡಿದ್ದನ್ನು ಮುಂದಿನ ಸಭೆಯಲ್ಲಿ ಹೇಳುತ್ತಾರೆ, ಸರಿಹೋಗದ್ದನ್ನೂ ಹೇಳುತ್ತಾರೆ.

ಕೇಳುತ್ತಾ ನನಗೆ ಬೈಲಹೊಂಗಲದ ಕಡೆ ಸರ್ಕಾರಿ ಶಾಲೆಯಲ್ಲಿರುವ ಅಕ್ಕ ನೆನಪಾದಳು. ಅವಳಿಗೂ ತರಬೇತಿಯಾಗಿದೆ. ಒಂದು ಕಂಪ್ಯೂಟರಿಗೆ ಮೂವರು, ಸಂಪನ್ಮೂಲ ವ್ಯಕ್ತಿ ಸ್ಲೈಡು ಓದುವುದು, ಕೊನೆಗೆ ಹಾಜರಿ ಸಹಿ. ಆನ್‌ಲೈನ್ ತರಬೇತಿಯೂ ಆಯಿತು: ಅಡುಗೆಮನೆಯಲ್ಲಿ ವಿಡಿಯೊ ಓಡುತ್ತಿರುತ್ತದೆ, ಇವಳು ರೊಟ್ಟಿ ಬಡಿಯುತ್ತಿರುತ್ತಾಳೆ, ಪ್ರಮಾಣಪತ್ರ ಬರುತ್ತದೆ. ಅಕ್ಕನನ್ನು ನಾನು ದೂರುವುದಿಲ್ಲ. ನಲವತ್ತು ಮಕ್ಕಳ ಮುಂದೆ ನಿಲ್ಲುವವಳಿಗೆ ಗುಂಡಿ ಒತ್ತುವುದನ್ನಷ್ಟೇ ಕಲಿಸಿ, ಆ ಗುಂಡಿಯಿಂದ ಭಿನ್ನರಾಶಿ ಅರ್ಥವಾಗದ ಹುಡುಗನಿಗೆ ಏನುಪಯೋಗ ಎಂಬುದನ್ನು ಹೇಳದೆ ಬಿಟ್ಟರೆ ಅವಳು ಇನ್ನೇನು ಮಾಡಬೇಕು? ಅವಳ ಶಾಲೆಯ ಪ್ರೊಜೆಕ್ಟರ್ ಹೆಡ್‌ಮಾಸ್ತರರ ಕಪಾಟಿನಲ್ಲಿದೆ. ಕೆಟ್ಟರೆ ಯಾರು ಹೊಣೆ ಎಂಬ ಭಯ.

ನೋವಾಗುವುದು ಏಕೆಂದರೆ ನಮ್ಮ ನಾಡಿಗೆ ಈ ದಾರಿ ಹೊಸದಲ್ಲ. ಕರ್ನಾಟಕದ ಪ್ರೌಢಶಾಲಾ ಶಿಕ್ಷಕರು ‘ವಿಷಯ ಶಿಕ್ಷಕರ ವೇದಿಕೆ’ಯಲ್ಲಿ ಸೇರಿ, ಗಣಿತದವರು ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶ ಕಲಿತು, ಕನ್ನಡದಲ್ಲೇ ಪಾಠ ಸಾಮಗ್ರಿ ಬರೆದು, ಯಾರು ಬೇಕಾದರೂ ಬಳಸುವಂತೆ ಮುಕ್ತ ಶೈಕ್ಷಣಿಕ ಸಂಪನ್ಮೂಲವಾಗಿ ಇಟ್ಟಿದ್ದಾರೆ. ತ್ರಿಭುಜದ ಒಂದು ಶೃಂಗವನ್ನು ಪರದೆಯ ಮೇಲೆ ಎಳೆದಾಡಿದರೂ ಮೂರು ಕೋನಗಳ ಮೊತ್ತ 180 ಡಿಗ್ರಿಯೇ ಇರುವುದನ್ನು ಕಂಡ ಮಗು ಅದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಅಂಥ ಶಿಕ್ಷಕರು ಇರುವ ನಾಡಿನಲ್ಲಿ ತರಬೇತಿಯೆಂದರೆ ಹಾಜರಿ ಪುಸ್ತಕ ಎಂದಾಗಬಾರದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿ ಕಲಿಕೆ ಇರಬೇಕು ಎನ್ನುತ್ತದೆ. ಅದರಲ್ಲಿ ಅರ್ಧವನ್ನಾದರೂ ಶಿಕ್ಷಕರು ಒಬ್ಬರಿಂದೊಬ್ಬರು ಕಲಿಯಲು ಬಿಡಲಿ.

ರಾತ್ರಿ ಅಕ್ಕನಿಗೆ ಫೋನ್ ಮಾಡಿ ಕಾಕೂನ ಮೂಕ ವಿಡಿಯೊದ ವಿಷಯ ಹೇಳಿದೆ. ಅವಳು ಬಹಳ ಹೊತ್ತು ಪ್ರಶ್ನೆ ಕೇಳಿದಳು. ಸುತ್ತಲಿನ ಶಾಲೆಗಳು ಸೇರಿದ ತಮ್ಮ ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಇದನ್ನೇ ಮಾಡಿ ತೋರಿಸಲು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ (ಸಿಆರ್‌ಪಿ) ಅನುಮತಿ ಕೇಳಿದ್ದಾಳೆ. ಊಟದ ನಂತರದ ಒಂದು ಗಂಟೆ ಕೊಟ್ಟಿದ್ದಾರಂತೆ. ಪ್ರೊಜೆಕ್ಟರ್ ಕಪಾಟಿನಿಂದ ಹೊರಗೆ ಬರಬೇಕಷ್ಟೆ.